ಮಾಸ್ತರರ ಹಿಂದಿನ ಗಾಲಿ

ಕರ್ರ್ ಅನ್ನುತ್ತದೆ, ಒಂದು ಗಳಿಗೆ ಸುಮ್ಮನಿರುತ್ತದೆ, ಮತ್ತೆ ಕರ್ರ್—ರೊಟ್ಟಿಯಲ್ಲಿ ಉಳಿದ ಹರಳು ಹಲ್ಲಿಗೆ ಸಿಕ್ಕ ಹಾಗೆ, ಇದು ಚೈನಿನ ಸದ್ದಲ್ಲ, ಚೈನಿನದು ಅತ್ತೆಯ ಗೊಣಗಾಟದ ಹಾಗೆ ಒಂದೇ ಸಮ ಇರುತ್ತದೆ, ಇದು ತಡೆತಡೆದು ಬರುತ್ತಿದೆ, ಇದು ಒಳಗಿನದು, ಗಾಲಿಯ ನಡುವಿನ ಗುಂಬದೊಳಗಿನದು ಅಂದುಕೊಳ್ಳುತ್ತ ತಾಜುನ್ನಿಸಾ, ಅಂಗಳದ ಫರಸಿಕಲ್ಲಿನ ಮೇಲೆ ಗೋಣಿಚೀಲ ಹಾಸಿ ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲಿನ ಹಿಂದಿನ ಗಾಲಿಗೆ ಕಿವಿಯೊಡ್ಡಿ ಇನ್ನೊಮ್ಮೆ ತಿರುಗಿಸಿದಳು, ಕರ್ರ್, ಹೌದು, ಒಳಗೆ ಉಕ್ಕಿನ ಗುಂಡು ಒಡೆದಿದೆ, ಒಂದೋ ಎರಡೋ ಬಿಚ್ಚಿದರೆ ಗೊತ್ತಾಗುತ್ತದೆ, ಬಿಚ್ಚದೆ ಹೇಳು ಅಂದರೆ ಎರಡು ಅಂತ ಹೇಳಿಯಾಳು. ಸೈಕಲ್ಲು ಬಸವಂತರಾಯ ಮಾಸ್ತರರದು. ದಿನಾ ಚಿತ್ತಾಪುರದಿಂದ ದಂಡೋತಿಯ ಶಾಲೆಗೆ ಹೋಗಿ ಬರುವವರು, ನಿನ್ನೆ ಸಂಜೆ ಅರ್ಧ ಹಾದಿ ಅದನ್ನು ನೂಕಿಕೊಂಡೇ ಬಂದು ಬಾಗಿಲಲ್ಲಿ ನಿಲ್ಲಿಸಿ, ಸಲಾಂ ಸಾಬ್ರ, ನಾಳಿ ಮೂರಕ್ಕ ಬರ್ತೀನಿ, ನಿಮ್ಮ ಕೈಲೇ ಆಗಬೇಕು ನೋಡ್ರಿ, ಬ್ಯಾರೆಯವ್ರಿಗೆ ಮುಟ್ಟಲಿಕ್ಕೆ ಕೊಡಬ್ಯಾಡ್ರಿ ಅಂದಿದ್ದರು, ಫಿಕರ್ ಮಾಡಬ್ಯಾಡ್ರಿ ಮಾಸ್ತರ ಅಂತ ಗಂಡ ಬಾಗಿಲಲ್ಲಿ ನಿಂತು ಹೇಳಿದ್ದು ಒಳಗೆ ಹಿಟ್ಟು ನಾದುತ್ತಿದ್ದವಳಿಗೆ ಕೇಳಿಸಿತ್ತು, ನಗು ಬಂದು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಸೆರಗಿಗೆ ಹಿಟ್ಟು ಮೆತ್ತಿತ್ತು. ಈಗ ಗಂಡ ಅಬ್ದುಲ್ ಸಲಾಂ ಜುಮ್ಮಾ ನಮಾಜಿಗೆ ಹೋಗಿದ್ದಾರೆ, ಬಿಳಿ ಟೋಪಿ ಹಾಕಿ, ಈ ಉರಿಬಿಸಿಲಿನಲ್ಲೂ ಬಲಗೈ ಮೇಲೆ ಶಾಲು ಹೊದ್ದು. ಅತ್ತೆ ರಶೀದಾಬೇಗಂ ಪಡಸಾಲೆಯಲ್ಲಿ ಹೊರಸಿನ ಮೇಲೆ ಕೂತು ತಸಬಿಯ ಮಣಿ ಎಣಿಸುತ್ತಿದ್ದಾಳೆ, ಬೀದಿ ಬಾಗಿಲಿಗೆ ಗೋಣಿತಟ್ಟಿನ ಪರದೆ ಇಳಿಬಿದ್ದಿದೆ, ಪರದೆಯ ಈಚೆಗೆ ಈ ಅಂಗಳ, ಈ ಬಿಸಿಲು, ಒಣಗಲು ಹರವಿದ ತೊಗರಿ, ಮತ್ತು ಇವಳು. ರಿಪೇರಿ ಮಾಡುವವಳು ಇವಳೇ ಎನ್ನುವುದು ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಮೊದಲು ಎಡಗಡೆಯ ನಟ್ಟು. ಪಾನಾ ಹಚ್ಚಿ ತಿರುವಿದಳು, ಅಲುಗಲಿಲ್ಲ, ಜಂಗು ಹಿಡಿದಿದೆ, ಕಾಗಿಣಾ ಹೊಳೆಯ ನೀರಿನಲ್ಲಿ ಇಳಿಸಿ ದಾಟಿಸುತ್ತಾರೆ ಅಂತ ಕಾಣುತ್ತದೆ ಈ ಮಾಸ್ತರರು, ಇಳಿಸಿದರೆ ಇಳಿಸಲಿ, ಆಮೇಲೆ ಒರೆಸಬೇಕಲ್ಲ, ಮಕ್ಕಳಿಗೆ ಕೈಕಾಲು ತೊಳಕೊಂಡು ಬರ್ರಿ ಅಂತ ಹೇಳುವವರು—ಒಂದು ಹನಿ ಚಿಮಣಿ ಎಣ್ಣೆ ಬಿಟ್ಟು, ರೊಟ್ಟಿ ಉಬ್ಬಲಿಕ್ಕೆ ಕಾಯುವಷ್ಟು ಹೊತ್ತು ಕಾದು, ಚೌಕಟ್ಟಿಗೆ ಪಾದ ಒತ್ತಿ ಹಿಡಿದು ಒಮ್ಮೆಲೇ ಎಳೆದಳು, ಕಿಣಿಕ್ ಅಂದಿತು, ಸಡಿಲಾಯಿತು. ಬಲಗಡೆಯದೂ ಹಾಗೇ. ಬಳೆ ಸದ್ದು ಮಾಡಲಿಲ್ಲ, ಬಳೆಗಳನ್ನು ಮೊಣಕೈವರೆಗೆ ಸರಿಸಿ ಹಳೇ ಬಟ್ಟೆಯ ಚೂರಿನಿಂದ ಬಿಗಿದು ಕಟ್ಟಿದ್ದಾಳೆ, ಅದು ಅತ್ತೆ ಕಲಿಸಿದ ಬುದ್ಧಿ, ಪಾನಾದ ಸಪ್ಪಳ ಹೊರಗೆ ಹೋದರೆ ಹೋಗಲಿ ದುಲ್ಹನ್, ಬಳಿ ಸಪ್ಪಳ ಹೋಗಬಾರದು. ನಟ್ಟು, ಅದರ ಕೆಳಗಿನ ಬಿಲ್ಲೆ, ಕ್ಯಾರಿಯರಿನ ಕಾಲು, ಸ್ಟ್ಯಾಂಡಿನ ಕಿವಿ, ಮಡಗಾರ್ಡಿನ ಕಡ್ಡಿ, ಒಂದೊಂದಾಗಿ ಬಿಚ್ಚಿ ಫರಸಿಯ ಮೇಲೆ ಬಿಚ್ಚಿದ ಸಾಲಿನಲ್ಲೇ ಇಟ್ಟಳು, ತಿರುಗಿ ಹಾಕುವಾಗ ಕೊನೆಯಿಂದ ಎತ್ತಿಕೊಂಡು ಬಂದರಾಯಿತು, ಯೋಚನೆ ಮಾಡುವ ಕೆಲಸವೇ ಇಲ್ಲ. ಗಾಲಿಯನ್ನು ಹಿಂದಕ್ಕೆ ಎಳೀಬ್ಯಾಡ, ಮೊದಲು ಮುಂದಕ್ಕ ದೂಡು, ಚೈನಿಗೆ ಉಸಿರು ಸಿಗಲಿ, ಆಮ್ಯಾಲ ಚೈನು ತಾನೇ ಹಲ್ಲಿನ ಮ್ಯಾಲಿಂದ ಇಳೀತದ—ಗಂಡನ ಮಾತು, ಅವರ ದನಿ, ಈಗ ಕೈಯೇ ಹಾಗೆ ಮಾತಾಡುತ್ತದೆ, ಮುಂದಕ್ಕೆ ದೂಡಿದಳು, ಚೈನು ಜೋತುಬಿತ್ತು, ಬಟ್ಟೆಯಲ್ಲಿ ಹಿಡಿದು ಹಲ್ಲಿನಿಂದ ಬಿಡಿಸಿ ಪಕ್ಕಕ್ಕೆ ತೂಗಿಬಿಟ್ಟಳು, ಆಮೇಲೆ ಎರಡೂ ಕೈಯಿಂದ ಗಾಲಿಯನ್ನು ಹಿಂದಕ್ಕೆ ಎಳೆದರೆ ಬಂದೇ ಬಂತು, ಅಡ್ಡಿಯಿಲ್ಲದ ಹೆರಿಗೆಯ ಹಾಗೆ, ತೊಡೆಯ ಮೇಲೆ ಭಾರವಾಗಿ ಕೂತಿತು.

ಗಾಲಿ ಅಂದರೆ ಅವಳಿಗೆ ಹೊಸದೇನಲ್ಲ. ಅಬ್ಬಾನದು ವಾಡಿ ಸ್ಟೇಷನ್ನಿನ ಮುಂದೆ ಟಾಂಗಾ ಇತ್ತು, ರೈಲು ಬರುವ ಮೊದಲು ಗಾಲಿ ಕಳಚಿ ಅಚ್ಚಿಗೆ ಎಣ್ಣೆ ಮೆತ್ತುವಾಗ ಗಾಲಿ ಹಿಡಿದು ನಿಲ್ಲುವವಳು ಇವಳೇ, ಎಂಟು ವರ್ಷದವಳು, ಗಾಲಿ ಇವಳಿಗಿಂತ ಎತ್ತರ, ಬಿಟ್ಟೀಯ ನೋಡು ತಾಜೂ, ಬಿಟ್ಟರೆ ಹಳಿ ಮಟ ಉರುಳತದ, ಬಿಟ್ಟಿರಲಿಲ್ಲ, ಒಮ್ಮೆಯೂ ಬಿಟ್ಟಿರಲಿಲ್ಲ. ಹನ್ನೆರಡು ತುಂಬಿದ ಮೇಲೆ ಪರದೆ, ಆಮೇಲೆ ನಿಕಾಹ, ಆಮೇಲೆ ಚಿತ್ತಾಪುರ, ಇಲ್ಲಿ ಸ್ಟೇಷನ್ ರಸ್ತೆಯಲ್ಲಿ ಇವರ ಸೈಕಲ್ ಅಂಗಡಿ. ಅಂಗಡಿಗಳ ಲೂಟಿ ಆದ ಗಲಾಟೆಯ ವರ್ಷ ಜೀವಕ್ಕೆ ಹೆದರಿ ಮೂರು ತಿಂಗಳು ಶಹಾಬಾದದ ನಾದಿನಿಯ ಮನೆಗೆ ಹೋಗಿದ್ದರು, ತಿರುಗಿ ಬಂದಾಗ ಅಂಗಡಿಯ ಹಲಗೆ ಇರಲಿಲ್ಲ, ತಗಡು ಇರಲಿಲ್ಲ, ನೆಲ ಇತ್ತು ಅಷ್ಟೆ, ಆದರೆ ಪಕ್ಕದ ಮನೆಯ ಬಸ್ಸಮ್ಮ ನೆಲದೊಳಗಿನ ಜೋಳದ ಹಗೇವಿಗೆ ಇಳಿದು ತಾನು ಬಚ್ಚಿಟ್ಟ ಒಂದು ಮೂಟೆ ಎತ್ತಿ ಕೊಟ್ಟಿದ್ದಳು, ಬಿಚ್ಚಿದರೆ ಪಾನಾಗಳು, ಇಕ್ಕಳ, ಸುತ್ತಿಗೆ, ಗುಂಡಿನ ಡಬ್ಬಿ, ಎಲ್ಲ ಜೋಳದ ಧೂಳು ಹಿಡಿದು ಬೆಳ್ಳಗಾಗಿದ್ದವು, ಒಂದೂ ಕಡಿಮೆಯಿರಲಿಲ್ಲ. ಅಂದಿನಿಂದ ಅಂಗಡಿ ಈ ಅಂಗಳಕ್ಕೇ ಬಂತು. ಸೈಕಲ್ಲು ಬಾಗಿಲಿಗೆ ಬರುತ್ತದೆ, ಅವರು ಒಳಗೆ ತರುತ್ತಾರೆ, ರಿಪೇರಿ ಮಾಡಿ ಬಾಗಿಲಿಗೆ ಒಯ್ಯುತ್ತಾರೆ—ಎರಡು ವರ್ಷದ ಹಿಂದಿನ ಮಳೆಗಾಲದವರೆಗೆ. ಒಂದು ಬೆಳಿಗ್ಗೆ ಚಹಾದ ಬಟ್ಟಲು ಹಿಡಿಯಹೋದರೆ ಬಲಗೈ ಏಳಲಿಲ್ಲ, ಬಟ್ಟಲು ಫರಸಿಗೆ ಬಿದ್ದು ಚೂರಾಯಿತು, ಅವರು ಚೂರುಗಳನ್ನೇ ನೋಡುತ್ತ ಕೂತಿದ್ದರು, ಲಕ್ವಾ ಅಂದರು ದವಾಖಾನೆಯ ಡಾಕ್ಟರು, ಕಾಲು ಎಳೆದು ನಡೆಯುವಷ್ಟು ಸುಧಾರಿಸಿತು, ಮಾತು ಸುಧಾರಿಸಿತು, ಕೈ ಸುಧಾರಿಸಲಿಲ್ಲ, ಅಂದಿನಿಂದ ಊರಿನ ಕಣ್ಣಿಗೆ ಬೀಳದ ಹಾಗೆ ಶಾಲಿನೊಳಗೆ ಅಡಗಿತು. ಅಂಗಳದಲ್ಲಿ ಆಗ ಎರಡು ಸೈಕಲ್ ಬಿಚ್ಚಿ ಬಿದ್ದಿದ್ದವು. ಯಾರದೋ ಸೈಕಲ್ಲು, ಹಾಗೇ ಬಿದ್ದಿರಬಾರದು ಅಂತ ಅವರಿಗೆ ಹೊರಸಿನಲ್ಲಿ ನಿದ್ದೆ ಇಲ್ಲ. ಐದನೆಯ ದಿನ ಇವಳೇ ಪಾನಾ ಎತ್ತಿಕೊಂಡು, ಹೇಳ್ರಿ, ಯಾವ ನಟ್ಟು ಮೊದಲು, ಅಂದಿದ್ದಳು. ಅವರು ಗೋಡೆಗೆ ಮುಖ ಮಾಡಿದ್ದರು. ಇವಳು ಪಾನಾ ಹಿಡಿದು ನಿಂತೇ ಇದ್ದಳು, ನಿಂತೇ ಇದ್ದಳು, ಕೊನೆಗೆ ಗೋಡೆಯ ಕಡೆಯಿಂದಲೇ ದನಿ ಬಂತು—ಎಡಗಡಿದು.

ಹಾಗೆ ಕಲಿತದ್ದು. ಅವರು ಕಣ್ಣು ಮುಚ್ಚಿ ಮಲಗಿ ಸದ್ದು ಕೇಳಿಯೇ ಹೇಳುವರು, ಅದು ಬಿಗಿ ಆತು ಕಾಲು ಸುತ್ತು ಬಿಡು, ಆ ತಂತಿ ಸಡಲ ಅದ ಬೆರಳಿಲೆ ಮೀಟಿ ನೋಡು, ಮೊದಮೊದಲು ಇವಳ ಉಗುರು ಒಡೆದವು, ಒಮ್ಮೆ ಚೈನಿನಲ್ಲಿ ಬೆರಳು ಸಿಕ್ಕು ಕಪ್ಪಾಯಿತು, ಆರು ತಿಂಗಳಿಗೆ ಅವರು ಹೇಳುವುದಕ್ಕೆ ಏನೂ ಉಳಿಯಲಿಲ್ಲ, ಹೊರಸಿನ ಮೇಲೆ ಸುಮ್ಮನೆ ಕೂತು ನೋಡುವರು, ಆ ನೋಟ ಎಂಥದು ಅಂತ ಇವಳಿಗೆ ಇವತ್ತಿಗೂ ಪೂರ್ತಿ ಗೊತ್ತಾಗಿಲ್ಲ. ಒಂದೇ ಒಂದು ಮಾತು ತಗೊಂಡಿದ್ದರು, ಹೊರಗ ಗೊತ್ತಾಗಬಾರದು ತಾಜೂ, ಹೆಂಗಸು ಕೂಡಿಸಿದ ಗಾಲಿ ಮ್ಯಾಲ ಯಾರೂ ಕೂಡಂಗಿಲ್ಲ, ನನ್ನ ಹೆಸರು ಒಂದ ಉಳದದ. ಆಗಲಿ ಅಂದಿದ್ದಳು. ಹೋದ ತಿಂಗಳು ಇದೇ ಮಾಸ್ತರರು ಬಾಗಿಲಲ್ಲಿ ನಿಂತು, ಸಾಬ್ರ, ಮೊದಲೆಲ್ಲ ನಿಮ್ಮ ರಿಪೇರಿ ಮೂರು ತಿಂಗಳು ತಾಳ್ತಿತ್ತು, ಈಗ ವರ್ಷದಿಂದ ಒಂದು ಶಿಕಾಯತಿ ಇಲ್ಲ, ವಯಸ್ಸಾದಂಗ ನಿಮ್ಮ ಕೈ ಭಾಳ ಹದ ಆಗ್ಯದ ಅಂದರು. ಗಂಡ ನಕ್ಕರಂತೆ. ಊಟಕ್ಕೆ ಕೂತಾಗ ರೊಟ್ಟಿ ಎಡಗೈಯಲ್ಲಿ ಮುರಿಯುತ್ತ, ನಿನ್ನ ಹೊಗಳಿದ್ರು ಅಂದರು, ಅಷ್ಟೇ, ಅವಳು ಹೋಳಿಗೆ ತಿಂದಷ್ಟು ಖುಷಿಯಲ್ಲಿ ಬರಿ ಬ್ಯಾಳಿ ತಿಂದೆದ್ದಳು.

ಈಗ ಮೇಲಿನ ಸಣ್ಣ ನಟ್ಟು ಬಿಚ್ಚಿ, ಅದರ ಕೆಳಗೆ ಗುಂಡುಗಳನ್ನು ಒತ್ತಿ ಹಿಡಿಯುವ ಕೋನು ತಿರುಗಿಸಿ, ಅಚ್ಚನ್ನು ಮೆಲ್ಲಗೆ ಎಳೆದಳು, ಕೆಳಗೆ ಕಂಚಿನ ತಾಟು ಹಿಡಿದಿದ್ದಳು, ಗುಂಡುಗಳು ಕಪ್ಪು ಗ್ರೀಸಿನ ಮುದ್ದೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಟಪ್ ಟಪ್ ಅಂತ ಬಿದ್ದವು, ಒಂದು ಕಡೆ ಒಂಬತ್ತು, ಇನ್ನೊಂದು ಕಡೆ ಒಂಬತ್ತು, ಚಿಮಣಿ ಎಣ್ಣೆಯಲ್ಲಿ ತೊಳೆದಳು, ಬಟ್ಟೆಯ ಮೇಲೆ ಉರುಳಿಸಿದಳು, ಹದಿನಾರು ಮೀನಿನ ಕಣ್ಣಿನ ಹಾಗೆ ಹೊಳೆದವು, ಎರಡು ಒಡೆದಿದ್ದವು. ಎರಡೇ. ಹೇಳಿದ್ದೆನಲ್ಲ, ಅಂದಳು ಯಾರಿಗೂ ಅಲ್ಲದೆ. ಡಬ್ಬಿಯಿಂದ ಎರಡು ಆರಿಸಿದಳು, ಅವರ ಹಳೇ ಡಬ್ಬಿ, ಉಗುರಿನಿಂದ ಅಳೆದು, ನಾಲಗೆಯ ತುದಿಯಲ್ಲಿ ಇಟ್ಟು ನೋಡಿದಳು, ನಾಲಗೆಗೆ ಗೊತ್ತಾಗುವ ಗೀರು ಕಣ್ಣಿಗೆ ಗೊತ್ತಾಗುವುದಿಲ್ಲ, ಇದು ಅವರೂ ಕಲಿಸಿದ್ದಲ್ಲ, ಇದು ಇವಳದೇ. ಮೂರು ಗಂಟೆ ಅಂದಿದ್ದಾರೆ ಮಾಸ್ತರರು, ಈಗಿನ್ನೂ ಹನ್ನೆರಡೂವರೆ, ಗಾಲಿ ಕೂಡಿಸಿ, ಸ್ನಾನ ಮಾಡಿ, ಅನ್ನಕ್ಕಿಟ್ಟರೂ ಹೊತ್ತು ಉಳಿಯುತ್ತದೆ, ಅನ್ನುವಷ್ಟರಲ್ಲಿ ಪರದೆಯ ಆಚೆ ಚಪ್ಪಲಿ ಸದ್ದು, ಕೆಮ್ಮು, ಆ ಕೆಮ್ಮು ಗೊತ್ತು, ಸಲಾಂ ಸಾಬ್ರ, ಆಯ್ತೇನ್ರಿ ಸೈಕಲ್?

ಅತ್ತೆ ತಸಬಿಯನ್ನು ಮುಷ್ಟಿಯಲ್ಲಿ ಹಿಡಿದು ಎದ್ದಳು, ಅವಳು ಮುದುಕಿ, ಅವಳು ಗಂಡಸರ ಜೊತೆ ಮಾತಾಡಬಹುದು, ಪರದೆಯ ಅಂಚಿಗೆ ಹೋಗಿ, ಒಳಗ ಕೆಲಸ ಮಾಡ್ಲಿಕತ್ತಾನ್ರಿ ಮಾಸ್ತರ, ನಿಮ್ಮದೇ ಗಾಲಿ ಹಿಡಕೊಂಡು ಕುಂತಾನ, ಮೂರಕ್ಕ ಅಂದಿದ್ರಲ್ಲ, ಮೂರಕ್ಕೇ ಬರ್ರಿ ಅಂದಳು, ಪ್ರತಿಸಲ ಹೇಳುವ ಹಾಗೆ, ಎರಡು ವರ್ಷದಿಂದ ಹೇಳಿ ಹೇಳಿ ಖರೆಯೇ ಆದ ಹಾಗೆ. ಆಚೆಯಿಂದ ಮಾಸ್ತರರು, ಮೂರರ ತನಕ ಆಗಂಗಿಲ್ಲಮ್ಮ, ಇನ್ಸ್ಪೆಕ್ಟರ್ ಸಾಹೇಬ್ರು ಎರಡಕ್ಕೇ ದಂಡೋತಿಗೆ ಬರ್ತಾರಂತ, ಈಗ ತಹಸೀಲ ಕಚೇರಿಯಾಗ ಹೇಳಿದ್ರು, ಸೈಕಲ್ ಇಲ್ಲಂತ ನಾ ಇವತ್ತ ಶಾಲಿಗಿ ಹೋಗಿಲ್ಲ, ಅವರು ಬಂದಾಗ ಶಾಲಿಗಿ ಕೀಲಿ ಇದ್ದರ ಶಾಲಿನೇ ತಗದು ಬ್ಯಾರೆ ಊರಿಗಿ ಕೊಡ್ತಾರ, ಐವತ್ತು ಮಕ್ಕಳು ಅದಾರ, ಒಂದೂಕಾಲಿಗರೆ ನಾ ಬಿಡಬೇಕು—ಅಂದವರು ಅಲ್ಲಿಗೇ ನಿಲ್ಲಿಸಿ, ದನಿ ತಗ್ಗಿಸಿ, ಖರೆ ಹೇಳ್ರಿ ಅಮ್ಮ, ಸಾಬ್ರು ಒಳಗ ಅದಾರೇನು? ಈಗ ತಾನೇ ಮಸೂತಿ ಮೂಲ್ಯಾಗ ನಾ ಅವರ್ನ ಕಂಡು ಬಂದೀನಿ. ನಾ ನಮಸ್ಕಾರ ಅಂದರ ಅವರು ಎಡಗೈಲೆ ಸಲಾಂ ಮಾಡಿದ್ರು. ಬಲಗೈ ಶಾಲಿನಾಗ ಹಂಗೇ ಜೋತು ಬಿದ್ದಿತ್ತು. ಅವರು ಅಲ್ಲಿದ್ದರ, ಇಲ್ಲಿ ಒಳಗ ಪಾನಾ ಸಪ್ಪಳ ಯಾರದು?

ತಾಟು ಕೈಯಲ್ಲಿ ಓರೆಯಾಯಿತು. ಒಂದು ಗುಂಡು ಜಾರಿ ಫರಸಿಗೆ ಬಿತ್ತು, ಟಿಣ್, ಆಮೇಲೆ ಉರುಳುವ ಸದ್ದು, ಗೀರಿನಂಥ ಸದ್ದು, ಅಂಗಳದುದ್ದಕ್ಕೂ, ಆಮೇಲೆ ಸದ್ದಿಲ್ಲ. ಅತ್ತೆ ತಿರುಗಿ ನೋಡಿದಳು, ಮುಖ ಹಿಂಡಿದ ಬಟ್ಟೆಯ ಹಾಗಾಗಿತ್ತು, ತುಟಿಯಲ್ಲೇ, ಒಳಗ ಹೋಗು ದುಲ್ಹನ್, ಕ್ವಾಣ್ಯಾಗ ಹೋಗು, ಅವ ಬರೂತನಕ ಬಾಗಲ ಹಾಕ್ಕೋ, ಅಂದಳು. ಹೋಗಬಹುದು, ಎದ್ದು ಹೋದರೆ ಆಯಿತು, ಗಾಲಿ ಇಲ್ಲಿ ಬಿದ್ದಿರುತ್ತದೆ, ಅವರು ನಮಾಜು ಮುಗಿಸಿ ಬಂದು ಬಾಗಿಲಲ್ಲಿ ಮಾಸ್ತರರನ್ನು ಕಾಣುತ್ತಾರೆ, ಏನೋ ಒಂದು ಹೇಳುತ್ತಾರೆ, ಮಾಸ್ತರರು ನಂಬಿದ ಹಾಗೆ ಮಾಡುತ್ತಾರೆ, ಮತ್ತೆ ಈ ಬಾಗಿಲಿಗೆ ಬರುವುದಿಲ್ಲ, ಅತ್ತ ದಂಡೋತಿಯಲ್ಲಿ ಐವತ್ತು ಮಕ್ಕಳು ಕೀಲಿ ಹಾಕಿದ ಶಾಲೆಯ ಕಟ್ಟೆಯ ಮೇಲೆ ಕೂತಿರುತ್ತವೆ—ಹೆಂಗಸು ಕೂಡಿಸಿದ ಗಾಲಿ ಮ್ಯಾಲ ಯಾರೂ ಕೂಡಂಗಿಲ್ಲ—ಕೂತಿದ್ದಾರಲ್ಲ, ಎರಡು ವರ್ಷ ಕೂತಿದ್ದಾರಲ್ಲ, ಇದೇ ಮಾಸ್ತರರು ದಿನಾ ಹೋಗುತ್ತ ಒಂದು ಸಲ ಬರುತ್ತ ಒಂದು ಸಲ, ಒಬ್ಬರಾದರೂ ಬಿದ್ದರೇ? ಒಂದು ನಟ್ಟಾದರೂ ಸಡಿಲಾಯಿತೇ? ಈಗ ಕೋಣೆಗೆ ಹೋದರೆ ಸಪ್ಪಳ ನಿಲ್ಲುತ್ತದೆ, ಸಪ್ಪಳ ನಿಂತರೆ ಇಷ್ಟು ದಿನ ಮಾಡಿದ್ದೆಲ್ಲ ಕದ್ದು ಮಾಡಿದ್ದು ಅಂತ ಆಗುತ್ತದೆ. ಕದ್ದದ್ದಲ್ಲ. ಕಲಿತದ್ದು. ಗಂಡ ಇಲ್ಲಿದ್ದರೂ ಏನನ್ನುತ್ತಿದ್ದರು, ಮೊದಲು ಗಾಲಿ ಮುಗಿಸು ತಾಜೂ, ಮಾತು ಆಮ್ಯಾಲ ಅನ್ನುತ್ತಿದ್ದರು, ಅವರಿಗೆ ಬಿಚ್ಚಿದ ಗಾಲಿಗಿಂತ ದೊಡ್ಡ ನಾಚಿಕೆ ಇಲ್ಲ.

ಕೋಣೆಗೆ ಹೋಗಲಿಲ್ಲ. ಮೊಣಕೈಯ ಬಟ್ಟೆಯ ಗಂಟನ್ನು ಹಲ್ಲಿನಿಂದ ಬಿಚ್ಚಿದಳು, ಬಳೆಗಳು ಒಂದರ ಮೇಲೊಂದು ಇಳಿದು ಮಣಿಕಟ್ಟಿಗೆ ಬಂದವು, ಝಲ್ ಅಂದವು, ಹೊರಗೆ ಕೇಳಿಸಿರಬೇಕು, ಕೇಳಲಿ. ಮಾಸ್ತರ, ಅಂದಳು. ಇನ್ನೊಮ್ಮೆ ಅಂದಳು. ಮಾಸ್ತರ, ಹೊರಗ ಕಟ್ಟಿ ಮ್ಯಾಲ ನೆರಳದ, ಕುಂದ್ರಿ. ನಿಮ್ಮ ಗಾಲ್ಯಾಗ ಎರಡು ಗುಂಡು ಒಡದಿದ್ವು, ಬ್ಯಾರೆ ಹಾಕಾಕತ್ತೀನಿ, ಒಂದೂಕಾಲರೊಳಗ ಕೂಡಸಿ ಕೊಡ್ತೀನಿ. ಕೊಡ್ತೀನಿ ಅಂದಳು, ಕೊಡ್ತಾರ ಅನ್ನಬಹುದಿತ್ತು, ನಾಲಗೆಯ ತುದಿಯವರೆಗೂ ಬಂದಿತ್ತು ಆ ಮಾತು, ಅಲ್ಲಿಂದ ತಿರುಗಿ ಹೋಯಿತು. ಅತ್ತೆ ಹೊರಸಿನ ಮೇಲೆ ಕುಸಿದು ಕೂತಳು. ಆಚೆ ಕಟ್ಟೆಯ ಮೇಲೆ ಪಂಚೆ ಕೊಡವಿ ಕೂತ ಸದ್ದು.

ಗುಂಡು ಎಲ್ಲಿ? ಫರಸಿಯ ಇಳಿಜಾರು ಮೋರಿಯ ಕಡೆಗಿದೆ, ಮೋರಿಗೆ ಬಿದ್ದಿದ್ದರೆ ನೀರಿನ ಸದ್ದಾಗುತ್ತಿತ್ತು, ಆಗಲಿಲ್ಲ, ಮಧ್ಯೆ ಇರುವುದು ತೊಗರಿ ಹರವಿದ ಗೋಣಿ, ಅಲ್ಲಿಗೇ ಸದ್ದು ನಿಂತದ್ದು. ಡಬ್ಬಿಯಲ್ಲಿ ಇನ್ನೊಂದಿಲ್ಲವೇ ಅಂದರೆ ಇವೆ, ಸವೆದವು, ಇವಕ್ಕಿಂತ ಕೂದಲೆಳೆ ಸಣ್ಣವು, ಒಂದು ಸಣ್ಣದು ಸೇರಿದರೆ ಉಳಿದ ಎಂಟಕ್ಕೆ ಭಾರ, ತಿಂಗಳಲ್ಲಿ ಮತ್ತೆ ಅಳುತ್ತದೆ ಗಾಲಿ, ಅಂಥ ಕೆಲಸ ಈ ಅಂಗಳದಿಂದ ಹೊರಗೆ ಹೋಗುವುದಿಲ್ಲ. ತೊಗರಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಾಳೂ ಅಷ್ಟೇ ಗಾತ್ರ, ಗುಂಡೂ ಅಷ್ಟೇ, ಕಣ್ಣಿಗೆ ಬಿಸಿಲು ಹೊಡೆಯುತ್ತದೆ, ಕಣ್ಣು ಬೇಡ, ಕಣ್ಣು ಮುಚ್ಚಿ ಎರಡೂ ಅಂಗೈ ಹರವಿ ಕಾಳಿನ ಮೇಲೆ ಸವರಿದಳು, ಹುಟ್ಟಿದಾಗಿನಿಂದ ಕಾಳಿನಲ್ಲಿ ಕಲ್ಲು ಆರಿಸಿದ ಕೈ, ಕಾಳು ಹಗುರ, ಕಾಳು ಬೆಚ್ಚಗೆ, ಕಾಳು ಜರುಗುತ್ತದೆ, ಜರುಗುತ್ತದೆ, ಜರುಗುತ್ತದೆ—ಇದು ಜರುಗಲಿಲ್ಲ. ಭಾರ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಎತ್ತಿದಳು, ಒರೆಸಿದಳು, ನಾಲಗೆಗೆ ಮುಟ್ಟಿಸಿದಳು, ಬಿಸಿಯಿತ್ತು, ಗೀರಿರಲಿಲ್ಲ.

ಆಮೇಲೆ ಕೈಗೆ ರೆಕ್ಕೆ ಬಂತು. ಗಾಲಿಯ ಗುಂಬದ ಬಟ್ಟಲಿಗೆ ಹೊಸ ಗ್ರೀಸು, ಅದರಲ್ಲಿ ಒಂದೊಂದೇ ಗುಂಡು ಊರಿ, ಒಂಬತ್ತು, ಅಚ್ಚು ತೂರಿಸಿ, ಗಾಲಿ ಮಗುಚಿ, ಇನ್ನೊಂದು ಕಡೆ ಒಂಬತ್ತು, ಕೋನು ಬೆರಳಿನಿಂದಲೇ ಬಿಗಿದು, ಕಾಲು ಸುತ್ತು ಹಿಂದಕ್ಕೆ ಬಿಟ್ಟು, ಮೇಲಿನ ನಟ್ಟು ಕೂಡಿಸಿ ನೋಡಿದರೆ ಅಚ್ಚು ಅಲುಗಲಿಲ್ಲ, ಬಿಗಿಯಲೂ ಇಲ್ಲ, ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಗಾಲಿ ಎತ್ತಿ ಚೌಕಟ್ಟಿನ ಹಿಂದೆ ಚಿಮುಟಿಗೆಯ ಬಾಯಿಯಂಥ ಎರಡು ಸೀಳಿನೊಳಗೆ ಇಳಿಸಿದಳು, ಮೊದಲು ಮುಂದಕ್ಕೆ, ಚೈನು ಹಲ್ಲಿಗೆ ಕೂಡಿಸಿ ಹಿಂದಕ್ಕೆ ಎಳೆದಳು, ಎಷ್ಟು ಎಳೆಯಬೇಕು, ಚೈನಿನ ನಡುವೆ ಬೆರಳೊತ್ತಿದರೆ ಬೆರಳಿನ ದಪ್ಪದಷ್ಟು ಕುಣಿಯಬೇಕು, ಹೆಚ್ಚು ಕುಣಿದರೆ ಕಳಚುತ್ತದೆ, ಕುಣಿಯದಿದ್ದರೆ ಹರಿಯುತ್ತದೆ, ಇಷ್ಟು, ಸಾಕು, ಗಾಲಿ ನಟ್ಟನಡುವೆ ಇದೆಯೋ, ಎಡಕ್ಕೆ ಎರಡು ಬೆರಳು ಬಲಕ್ಕೆ ಎರಡು ಬೆರಳು, ಇದೆ. ಫರಸಿಯ ಮೇಲಿನ ಸಾಲನ್ನು ಕೊನೆಯಿಂದ ಎತ್ತಿಕೊಂಡು ಬಂದಳು, ಮಡಗಾರ್ಡಿನ ಕಡ್ಡಿ, ಸ್ಟ್ಯಾಂಡಿನ ಕಿವಿ, ಕ್ಯಾರಿಯರಿನ ಕಾಲು, ಬಿಲ್ಲೆ, ನಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಿಗಿದಳು, ಒಂದೇ ಕಡೆ ಬಿಗಿದರೆ ಗಾಲಿ ಓರೆಯಾಗುತ್ತದೆ, ಬಿಗಿಯುವಾಗ ಬಳೆ ಮಾತಾಡಿತು, ಮಾತಾಡಲಿ. ಕೊನೆಯ ಸುತ್ತಿಗೆ ಕಾಲು ಒತ್ತಿ ನಿಂತು ಮೈಭಾರವನ್ನೆಲ್ಲ ಪಾನಾದ ಮೇಲೆ ಹಾಕಿದಳು. ಸೈಕಲ್ಲನ್ನು ಒಬ್ಬಳೇ ಎತ್ತಿ ನೆಟ್ಟಗೆ ಮಾಡಿದಳು, ಮಾಸ್ತರರು ಸಣ್ಣಗಿದ್ದರೂ ಸೈಕಲ್ಲು ಸಣ್ಣದಲ್ಲ, ಹ್ಯಾಂಡಲ್ ಹಿಡಿದು ಬಾಗಿಲಿಗೆ ನಡೆಸಿದಳು, ಅತ್ತೆ ಅಡ್ಡ ಬರಲಿಲ್ಲ, ಕಾಲು ಮಡಚಿ ಹಾದಿ ಬಿಟ್ಟಳು. ಪರದೆಯ ಅಂಚು ಸರಿಸಿ ಮುಂದಿನ ಗಾಲಿ ಹೊರಗೆ ಹಾಕಿ, ಹಿಡೀರಿ ಮಾಸ್ತರ ಅಂದಳು, ಆಚೆಯಿಂದ ಹ್ಯಾಂಡಲ್ಲಿಗೆ ಕೈ ಬಂತು, ಸೈಕಲ್ಲು ಹೊರಗೆ ಸರಿಯಿತು, ಹಿಂದಿನ ಗಾಲಿ ಹೊಸ್ತಿಲಿನ ಮೇಲೆ ನಿಂತಿತು.

ಮಾಸ್ತರರು ಸ್ಟ್ಯಾಂಡು ಹಾಕಿದರು, ಪೆಡಲ್ಲು ತಿರುವಿದರು. ಅವಳು ಪರದೆಯ ಈಚೆ ಉಸಿರು ಹಿಡಿದು ಕೇಳಿದಳು. ಕರಕರ ಇಲ್ಲ. ಗಾಲಿ ಗಾಳಿಯನ್ನು ಸೀಳುವ ಸದ್ದು ಮಾತ್ರ, ಮತ್ತು—ಟಿಕ್. ಟಿಕ್. ಟಿಕ್. ಇದೇನು, ತಲೆಕೆಳಗಿದ್ದಾಗ ಇರಲಿಲ್ಲ. ಕೋನು ಸಡಲ ಅದ ಅಂತ ಕಾಣ್ತದ ತಾಯಿ, ಅಂದರು ಮಾಸ್ತರರು, ಪಾಠ ತಪ್ಪು ಒಪ್ಪಿಸಿದ ಮಗುವಿಗೆ ಹೇಳುವ ದನಿಯಲ್ಲಿ, ಇರಲಿ ಬಿಡ್ರಿ, ಹ್ಯಾಂಗರೆ ದಂಡೋತಿ ಮುಟ್ಟತೀನಿ. ಕೋನು ಅಲ್ಲ ಮಾಸ್ತರ, ಅಂದಳು ಅವಳು, ಒಂದು ಕ್ಷಣವೂ ತಡೆಯದೆ, ಕೋನು ಸಡಲ ಇದ್ದರ ಸದ್ದು ಸುತ್ತೆಲ್ಲ ಬರ್ತದ, ಇದು ಸುತ್ತಿಗೆ ಒಂದೇ ಸಲ ಬರಾಕತ್ತದ. ರಿಮ್ಮಿಗೆ ಬೆಸಿಗಿ ಹಾಕಿದ ಜಾಗ ಬ್ರೇಕಿನ ರಬ್ಬರಿಗೆ ತಾಗತದ. ಸೈಕಲ್ ನೆಟ್ಟಗ ನಿಂತ ಮ್ಯಾಲ ರಬ್ಬರ ಕೂದಲಷ್ಟು ಜಗ್ಗ್ಯದ. ಪಾನಾ ಕೊಡ್ತೀನಿ, ಎಡಗಡಿ ರಬ್ಬರದ ನಟ್ಟು ಕಾಲು ಸುತ್ತು ಬಿಡ್ರಿ. ಪರದೆಯ ಕೆಳಗಿಂದ ಪಾನಾ ತಳ್ಳಿದಳು. ಆಚೆ ಪಾನಾ ಜಾರಿತು, ಮತ್ತೆ ಜಾರಿತು, ಮಾಸ್ತರರು ಬಿಗಿಯುವ ಕಡೆಗೇ ತಿರುವುತ್ತಿದ್ದಾರೆ, ಸದ್ದಿನಲ್ಲೇ ಗೊತ್ತಾಗುತ್ತದೆ, ಇನ್ನೊಂದು ಸುತ್ತು ಹಾಗೇ ಬಿಗಿದರೆ ಗಾಲಿ ತಿರುಗುವುದೇ ನಿಲ್ಲುತ್ತದೆ, ಅಯ್ಯ, ಬಿಡ್ರಿ ಮಾಸ್ತರ, ಇತ್ತ ಕೊಡ್ರಿ—ಪರದೆಯ ಸಂದಿನಿಂದ ಅವಳ ಕೈ ಹೊರಗೆ ಹೋಯಿತು, ಬೀದಿಯ ಬಿಸಿಲಿಗೆ, ಪಾನಾ ಇಸಕೊಂಡಿತು, ತಡಕದೆಯೇ ನಟ್ಟನ್ನು ಹುಡುಕಿತು, ಕಾಲು ಸುತ್ತು, ಬೆರಳಿನಿಂದ ರಬ್ಬರು ಒತ್ತಿ, ಮತ್ತೆ ಬಿಗಿ. ಈಗ ತಿರುವ್ರಿ. ತಿರುವಿದರು. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ.

ಮಾಸ್ತರರು ತಿರುಗುವ ಗಾಲಿಯನ್ನು ಹಿಡಿದು ನಿಲ್ಲಿಸಿದರು. ನಾ ಯಾರಿಗೂ ಹೇಳಂಗಿಲ್ಲ ತಾಯಿ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ಅದು ಅವಳಿಗೆ ಗೊತ್ತಾಯಿತು, ಆದರೂ ಪಾನಾ ಬಿಗಿಹಿಡಿದು ಕೇಳಿದಳು. ಯಾಕ ಹೇಳಂಗಿಲ್ರಿ? ನಾ ಏನು ಕದ್ದೀನೇನು? ಹೇಳ್ರಿ. ಕಲಿಸಿದವರು ಅವರು, ಮಾಡಿದಾಕಿ ನಾನು, ಎರಡೂ ಕೂಡಿಸಿ ಹೇಳ್ರಿ, ಒಂದ ಹೇಳಬ್ಯಾಡ್ರಿ. ಆಚೆ ಸ್ಟ್ಯಾಂಡು ಎತ್ತಿದ ಸದ್ದು, ಆತು ತಾಯಿ, ಕಾಳಗಿ ಶಾಲಿ ಮಾಸ್ತರರ ಸೈಕಲ್ಲೂ ಹಿಂಗೇ ಅಳತದ, ಅವರಿಗಿ ಹೇಳ್ತೀನಿ, ಏನಂತ ಹೇಳಲಿ, ಹೆಸರು? ಮನಿ ಅವರದು, ಅಂದಳು, ಕೈ ತಾಜುನ್ನಿಸಾಂದು. ತಾಜುನ್ನಿಸಾ, ಅಂದರು ಮಾಸ್ತರರು, ಹಾಜರಿ ಕೂಗುವ ಹಾಗೆ, ಒಂದು ಅಕ್ಷರವನ್ನೂ ನುಂಗದೆ. ಆಮೇಲೆ ಸೈಕಲ್ಲು ಹೋಯಿತು, ಓಣಿಯುದ್ದಕ್ಕೂ ಹೋಯಿತು, ಅವಳು ಕೇಳಿದಳು, ಅಳಲಿಲ್ಲ, ಒಮ್ಮೆಯೂ ಅಳಲಿಲ್ಲ ಆ ಗಾಲಿ. ಅತ್ತ ಮಸೂತಿಯ ಕಡೆಯಿಂದ ಜನ ಬರುವ ಸದ್ದು, ನಮಾಜು ಮುಗಿದಿರಬೇಕು, ಆ ಹೆಜ್ಜೆಗಳಲ್ಲಿ ಒಂದು ಕಾಲೆಳೆಯುವ ಹೆಜ್ಜೆ, ಅವರದು, ಹತ್ತಿರ ಬರುತ್ತಿದೆ, ಅವರಿಗೆ ತಾನೇ ಹೇಳುತ್ತಾಳೆ, ಮಾಸ್ತರರಿಗಿಂತ ಮೊದಲು, ಊರಿಗಿಂತ ಮೊದಲು, ಹೇಗೆ ಹೇಳಬೇಕು ಅಂತ ಯೋಚಿಸಬೇಕು, ಮುನಿಸಿಕೊಂಡಾರು, ಗೋಡೆಗೆ ಮುಖ ಮಾಡಿಯಾರು, ನಿಂತೇ ಇರುತ್ತಾಳೆ ಆಗಲೂ, ನಿಲ್ಲುವುದು ಗೊತ್ತು ಅವಳಿಗೆ—ಕೈ ಒಳಗ ತಗೋ ದುಲ್ಹನ್, ಅತ್ತೆಯ ದನಿ, ಹಿಂದಿನಿಂದ, ಕೈ ಒಳಗ ತಗೋ—ಯಾವ ಕೈ, ಅಂತ ಪರದೆಯ ಸಂದಿನಿಂದ ನೋಡಿದಳು, ಹೊಸ್ತಿಲಿನ ಆಚೆ ಅದು ಇನ್ನೂ ಚಾಚಿಕೊಂಡೇ ಇದೆ, ಬೀದಿಯ ಬಿಸಿಲಿನಲ್ಲಿ, ಮಣಿಕಟ್ಟಿನವರೆಗೆ ಕಪ್ಪು ಗ್ರೀಸು, ಗ್ರೀಸಿನ ಮೇಲೆ ಹಸಿರು ಬಳೆ, ಮುಷ್ಟಿಯಲ್ಲಿ ಪಾನಾ, ಕಾಲೆಳೆಯುವ ಹೆಜ್ಜೆ ಬಂದು ಅದರ ಮುಂದೆ ನಿಂತಿತು, ಕೈ ಬಿಸಿಲಿನಲ್ಲಿದೆ, ಅವಳ ಕೈ, ಬಿಸಿಲಿನಲ್ಲಿ ಅವಳ ಕೈ—